ಅತ್ತೆಯ ಮೊಣಕಾಲಿನ ಪುಡಿ

ಜನ್ಮವೆಲ್ಲ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡಿದ ನಮ್ಮ ಮನೆಯ ಅಳಿಯ, ಅಂದರೆ ನನ್ನ ನಾದಿನಿಯ ಗಂಡ, ಒಮ್ಮೆ ಇದ್ದಕ್ಕಿದ್ದಂತೆ ಜನರ ಆರೋಗ್ಯದ ಚಿಂತೆ ಹಚ್ಚಿಕೊಂಡ. ಕಾರಿನ ತುಂಬ ಕ್ಯಾಪ್ಸೂಲಿನ ಡಬ್ಬಿ ಹೇರಿಕೊಂಡು ನಮ್ಮೂರು ಜುಗೂಳಕ್ಕೆ ಬಂದ. ಸಕ್ಕರೆ ಕಾಯಿಲೆ, ಬಿ.ಪಿ., ಮೊಣಕಾಲು, ಉದುರುವ ಕೂದಲು, ಎಲ್ಲಕ್ಕೂ ಅದೇ ಡಬ್ಬಿ. ನಮ್ಮ ಓಣಿಯಲ್ಲಿ ಅದಕ್ಕೆ ಎಂಥಾ ಬೇಡಿಕೆ ಬಂತೆಂದರೆ, ಆರಾಮಿದ್ದವರಿಗೂ ತಾವು ಆರಾಮಿಲ್ಲವೇನೋ ಎಂಬ ಸಂಶಯ ಹುಟ್ಟಿತು.

ನನ್ನ ಅತ್ತೆಗೆ ಮೊಣಕಾಲು ಹಿಡಿದು ವರ್ಷಗಳಾಗಿದ್ದವು. ಬಸದಿಗೆ ನಾನೇ ಕರೆದೊಯ್ಯಬೇಕು. ಇನ್ನೊಬ್ಬರ ಕೈ ಹಿಡಿದು ನಡೆಯುವುದೆಂದರೆ ಅವರಿಗೆ ಜೀವ ಹೋದಷ್ಟು ನಾಚಿಕೆ. ಡಬ್ಬಿ ನೋಡಿ ಅವರು ಕೇಳಿದ್ದು ಒಂದೇ: ಗಡ್ಡೆ, ಬೇರು ಇಲ್ಲ ತಾನೆ? ನಮ್ಮದು ಜೈನರ ಮನೆ, ಬಟಾಟೆಯೂ ಒಳಗೆ ಬರುವಂತಿಲ್ಲ. ಇದು ಮಣ್ಣಲ್ಲಿ ಬೆಳೆಯುವುದೇ ಇಲ್ಲ, ಮರದ ಮೇಲೆ ಬೆಳೆಯುತ್ತದೆ ಎಂದ ಅಳಿಯ. ಪುಣ್ಯಾತ್ಮ ಸುಳ್ಳು ಹೇಳಲಿಲ್ಲ.

ಕ್ಯಾಪ್ಸೂಲಿನ ಸಿಪ್ಪೆಯನ್ನು ಪ್ರಾಣಿಯಿಂದ ಮಾಡುತ್ತಾರೆಂದು ಅತ್ತೆಗೆ ಗೊತ್ತಿತ್ತು. ಹೊತ್ತು ಮುಳುಗುವ ಮೊದಲೇ ಕೂತು, ಸಿಪ್ಪೆ ಬಿಚ್ಚಿ ದೂರ ಎಸೆದು, ಕೈ ತೊಳೆದು, ಒಳಗಿನ ಪುಡಿಯನ್ನಷ್ಟೇ ಸೋಸಿದ ನೀರಲ್ಲಿ ಕಲಸಿ ಕುಡಿಯುತ್ತಿದ್ದರು. ತಿಂಗಳಾಗುವಷ್ಟರಲ್ಲಿ ಒಬ್ಬರೇ ಬಸದಿಗೆ ಹೋದರು. ಬರುವಾಗ ಎಲ್ಲರೂ ನೋಡಲೆಂದು ಬೇಕಂತಲೇ ಊರು ಸುತ್ತಿ ಬಂದರು.

ಆ ಸಂಜೆ ಖುಷಿಗೆ ಡಬ್ಬಿ ತಿರುಗಿಸಿ ನೋಡುತ್ತ ಹಿಂದಿನ ಸಣ್ಣಕ್ಷರ ಓದಿದೆ. ಅಣಬೆ. ಬರೀ ಅಣಬೆ. ನಮ್ಮಲ್ಲಿ ಅಳಂಬಿ ಎಂದು ಅದರ ಹೆಸರೆತ್ತಿದರೂ ಮುಖ ತಿರುಗಿಸುತ್ತಾರೆ. ಅಳಿಯನ ಮೇಲೆ ಮೈಯೆಲ್ಲ ಉರಿಯಿತು. ಹೇಳಿದರೆ ಅತ್ತೆಯ ಕಾಲು ಹೋಗುತ್ತದೆ, ಹೇಳದಿದ್ದರೆ ವ್ರತ. ವ್ರತ ಅವರದು, ಮುಚ್ಚಿಡಲು ನಾನ್ಯಾರು? ಹೋಗಿ ಹೇಳಿಬಿಟ್ಟೆ.

ಅವರು ತಮ್ಮ ಕಾಲನ್ನೇ ನೋಡಿಕೊಂಡರು.

"ಅಳಂಬಿ ತಿಂದ ಕಾಲಿಲೆ ಬಸದಿಗಿ ಹೋಗಿ ಬಂದ್ನಲ್ಲ ಯವ್ವಾ," ಎಂದರು.

ಮರುದಿನ ಉಪವಾಸ ಹಿಡಿದರು. ಡಬ್ಬಿ ನಿಪ್ಪಾಣಿಗೆ ವಾಪಸ್ ಹೋಯಿತು. ಔಷಧಕ್ಕೆ ದೋಷವಿಲ್ಲ ಎಂದು ಅಳಿಯ ಫೋನಿನಲ್ಲಿ ಶಾಸ್ತ್ರ ಹೇಳತೊಡಗಿದ. ಅತ್ತೆ ಫೋನನ್ನು ನನಗೆ ಕೊಟ್ಟರು. ನಾನು ಚೆನ್ನಾಗಿಯೇ ಮಾತಾಡಿದೆ, ಆಮೇಲೆ ಅವನು ಬಹಳ ದಿನ ನಮ್ಮ ಕಡೆ ಸುಳಿಯಲಿಲ್ಲ.

ನೋವು ಮರಳಿತು. ಒಂದು ಮುಂಜಾನೆ ಅವರು ಗೋಡೆ ಹಿಡಿದು ಏಳಲು ಹೆಣಗುವುದನ್ನು ನೋಡಿ ನನಗೆ ಸಂಕಟ ತಡೆಯಲಾಗಲಿಲ್ಲ. ನಾನು ಹೇಳಬಾರದಿತ್ತೇನೋ ಎಂದೆ.

"ಹೇಳಿದ್ದು ಛಲೋನ ಆತು," ಎಂದರು ಅತ್ತೆ. ಸ್ವಲ್ಪ ಉಸಿರು ತೆಗೆದುಕೊಂಡರು. "ಆದ್ರ ಇನ್ನೊಂದ ನಾಕ ದಿನಾ ತಡದು ಹೇಳಿದ್ರ ನಿನಗೇನ ಆಗತಿತ್ತು?"