ದಿಮಾಗ್ ಎಂದರೆ ದಿಮಾಕಲ್ಲ

ಅಕ್ಕನನ್ನು ಜಹೀರಾಬಾದಿನ ಮಾನಸಿಕ ರೋಗದ ಡಾಕ್ಟರರಿಗೆ ತೋರಿಸಿದ ದಿನ ನಾನು ತಾಂಡೂರಿನಿಂದ ಹೋಗಿದ್ದೆ. ಅವಳೂ ಅವಳ ಅತ್ತೆಯೂ ನಾರಾಯಣಖೇಡದಿಂದ ಬಂದಿದ್ದರು.

ಕೆಲವು ತಿಂಗಳಿಂದ ಅಕ್ಕ ಕರೆದರೆ ತಡವಾಗಿ ತಿರುಗುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಕರಿಯಾಗುವುದನ್ನು ನೋಡುತ್ತಲೇ ಕೂತಿರುತ್ತಿದ್ದಳು. "ಜೀವ ಇಟ್ಕೊಂಡು ಏನ್ ಮಾಡ್ಲಿ" ಎಂದು ಫೋನಿನಲ್ಲಿ ಅಂದದ್ದು ಒಮ್ಮೆ ಮಾತ್ರ. ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಅದನ್ನು ಡಾಕ್ಟರರಿಗೂ ಹೇಳಿದೆ. ಅವರು ಅಳುಕದೆ ಅವಳನ್ನೇ ಆ ಬಗ್ಗೆ ಕೇಳಿದರು. ಅವಳು ಹೌದೆಂದಳು.

ಆಮೇಲೆ ಅವರು ಗುಳಿಗೆ ಬರೆಯುತ್ತ ಅತ್ತೆಯ ಕಡೆ ತಿರುಗಿ, "ಅಮ್ಮಾ, ಏ ದಿಮಾಗ್ ಕಾ ಮಸಲಾ ಹೈ" ಎಂದರು.

ಅತ್ತೆ ತೊಡೆ ತಟ್ಟಿಕೊಂಡರು. "ನಾ ಮೊದಲೇ ಅಂದಿದ್ದೆ ನೋಡ್ರಿ! ಕರದ್ರ ಓ ಅನ್ನಲ್ಲ ಇಕಿ. ಭಾಳ ದಿಮಾಕು ಅದ. ಅದಕ್ಕ ಗುಳಿಗಿ ಯಾಕ್ರಿ?"

ಉರ್ದುವಿನ ದಿಮಾಗ್ ಎಂದರೆ ಮಿದುಳು; ಡಾಕ್ಟರು ಹೇಳಿದ್ದು ಇದು ಮಿದುಳಿನ ತೊಂದರೆ ಎಂದು. ನಮ್ಮ ಬಾಯಲ್ಲಿ ದಿಮಾಕು ಎಂದರೆ ಸೊಕ್ಕು. ಅತ್ತೆಗೆ ಎರಡೂ ಗೊತ್ತು. ಆದರೆ ಮನೆಯಲ್ಲಿ ದಿನವೂ ಆಡಿದ ಮಾತೇ ಕಿವಿಗೆ ಮೊದಲು ಬಿತ್ತು. ಅಕ್ಕನ ತಲೆ ಇನ್ನಷ್ಟು ತಗ್ಗಿತು. ಅತ್ತೆ ಬೇಡವೆಂದರೆ ಆ ಮನೆಯಲ್ಲಿ ಔಷಧ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಡಾಕ್ಟರು ನಗಲಿಲ್ಲ. ನಮ್ಮ ಮಾತಿಗೆ ಬಂದರು. "ಸೊಕ್ಕಲ್ಲವ್ವಾ, ಮಿದುಳು. ಅದರಾಗ ಬ್ಯಾರೆ ಬ್ಯಾರೆ ನರದ ಜಾಲ ಅವ. ಬೇಕು ಅನ್ನೋ ಹುಕಿ ಎಬ್ಬಸೋದು ಒಂದು. ಆದದ್ದನ್ನೇ ನೆನಸಿ ತನ್ನನ್ನೇ ಬೈಕೊಳ್ಳೋದು ಇನ್ನೊಂದು. ಇಕಿಗೆ ಮೊದಲನೇದು ಕುಗ್ಗ್ಯಾದ, ಎರಡನೇದು ಸುಮ್ಮನಾಗವಲ್ದು. ಓ ಅನ್ನಾಕ ಹುಕಿನೇ ಏಳಲ್ಲ."

"ತಲಿ ಫೋಟೊ ತಗದ್ರ ಕಾಣ್ತದೇನ್ರಿ?" ಅತ್ತೆ ಕೇಳಿದರು.

"ಒಬ್ಬರ ಫೋಟೊದಾಗ ಇದೇ ಅಂತ ಬೆರಳಿಟ್ಟು ತೋರಸಾಕ ಇನ್ನೂ ಬರಲ್ಲ. ಆದ್ರ ಗುಳಿಗಿ, ಮಾತುಕತಿ ಎರಡರಿಂದ ಭಾಳ ಮಂದಿಗೆ ಕಡಿಮಿ ಆಗ್ತದ. ಕೆಲವು ವಾರ ಹಿಡೀತದ. ಈಗ ಇಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ."

"ಹಂಗಾದ್ರ ನಾ ಬೈದದ್ದು?"

"ಆ ಬೈಕೊಳ್ಳೋ ಜಾಲಕ್ಕ ಮೇವು ಹಾಕಿದಂಗ ಆತು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ನನ್ನ ಬಾಯಿಗೂ ಒಂದು ಗುಳಿಗಿ ಬರೀರಿ ಹಂಗಾದ್ರ" ಎಂದರು. ಅಕ್ಕನ ತುಟಿ ಅಲುಗಿತು. ನಗು ಎನ್ನುವಷ್ಟು ಅಲ್ಲ.

ಡಾಕ್ಟರು ಅವಳಿಗೆ ಹೇಳಿದರು: "ಮನಸ್ಸು ಬಂದ ಮ್ಯಾಲ ಏಳ್ತೀನಿ ಅನಬ್ಯಾಡ ತಂಗಿ. ಮೊದಲ ಎದ್ದು ಸಣ್ಣದೊಂದು ಕೆಲಸ ಮಾಡು. ಮನಸ್ಸು ಹಿಂದಿನಿಂದ ಬರಲಿ."

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ನೀರಿನ ಬಾಟಲಿ ಕೊಂಡು ಅವಳ ಕೈಗಿಟ್ಟರು.

ಹದಿನೈದು ದಿನಗಳ ಮೇಲೆ ನಾನು ಫೋನ್ ಮಾಡಿದಾಗ ಅಕ್ಕನೇ ಎತ್ತಿದಳು.

"ಏನರ ಫರಕ್ ಆಗ್ಯಾದೇನಕ್ಕ?"

"ಇಲ್ಲ. ಬಾಯಿ ಒಣಗ್ತದ, ಅಷ್ಟೇ."

"ಬಿಡಬ್ಯಾಡಕ್ಕಾ, ಬಾಯಿ ಒಣಗೋದು ಡಾಕ್ಟರಿಗೆ ಹೇಳೋಣ" ಎಂದೆ.

"ಬಿಡ್ತೀನಿ ಅಂತ ಯಾರಂದ್ರು?" ಅವಳ ದನಿ ಗಟ್ಟಿಯಾಗಿತ್ತು. "ಮನಸ್ಸಿಲ್ಲ, ಆದ್ರೂ ಎದ್ದೀನಿ. ತಲಿ ಹಿಕ್ಕೊಂಡೀನಿ. ಮುಂದಿನ ವಾರ ತೋರಸಾಕ ಹೋಗಬೇಕು. ನೀ ಬರ್ತಿ ಇಲ್ಲ?"