ಹದಿನಾರು ಜಿಬಿ ಹಾಕಿದೀವಲ್ಲೇ

ಸುಜಾತ ಬರೆದ ಪ್ರೋಗ್ರಾಮಿನಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ನಾನು ಸಿದ್ಧಪಡಿಸಿದ ಸರ್ವರಿನಲ್ಲಿ. ಅದು ನನಗೆ ಗೊತ್ತಿತ್ತು — ಆಗಲೇ ಗೊತ್ತಿತ್ತು — ಆದರೂ ಬಾಯಿ ಬಿಡಲಿಲ್ಲ. ಅವಳು ಕೆಲಸ ಬಿಟ್ಟು ಹೋಗುವವರೆಗೂ ಬಿಡಲಿಲ್ಲ. ಹೋದ ಮೇಲೂ ಬಿಡಲಿಲ್ಲ.

ನಾವಿಬ್ಬರೂ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಅವಳು ಮಂಡಿಕಲ್ ಕಡೆಯವಳು. ಅವಳ ತಂದೆ ಶಾಲೆಯ ಮೇಷ್ಟ್ರು. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲೇ ಮಗಳು ಡಿಗ್ರಿ ತಗೊಂಡ ದಿನದ ಫೋಟೋ. ನಮ್ಮದು ಗುಮಾಸ್ತರ ಮನೆ. ಓದು ಮುಗಿದ ಮೇಲೆ ಇಬ್ಬರಿಗೂ ಗೌರಿಬಿದನೂರಿನ ಹತ್ತಿರ, ಕುಡುಮಲಕುಂಟೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಅವಳು ಪ್ರೋಗ್ರಾಂ ಬರೆಯುವುದು, ನಾನು ಯಂತ್ರಗಳನ್ನು ನೋಡಿಕೊಳ್ಳುವುದು. ಬಸ್ಸಿನಲ್ಲಿ ನನಗೆ ಹೊಟ್ಟೆ ತೊಳೆಸುತ್ತದೆ ಎಂದು ಅವಳು ಮುಂಚೆಯೇ ಹತ್ತಿ ಕಿಟಕಿಯ ಸೀಟಿನ ಮೇಲೆ ದುಪಟ್ಟಾ ಹಾಕಿಟ್ಟಿರುತ್ತಿದ್ದಳು. ಒಂದು ದಿನವೂ ತಾನು ಅಲ್ಲಿ ಕೂರಲಿಲ್ಲ.

ಕೆಲಸಗಾರರ ಹಾಜರಿ, ಹೊಲಿಗೆಗೆ ಹೋಗುವ ಬಟ್ಟೆಯ ಕಟ್ಟುಗಳ ವಿವರ — ಎರಡನ್ನೂ ಒಂದೇ ಡೇಟಾಬೇಸಿಗೆ ತರುವ ಕೆಲಸ ಅವಳ ಪಾಲಿಗೆ ಬಂತು. ಅದಕ್ಕೆಂದೇ ಹೊಸ ಸರ್ವರ್ ತರಿಸಿದರು. ಅರವತ್ತನಾಲ್ಕು ಬಿಟ್‌ನ ಪ್ರೊಸೆಸರ್, ಹದಿನಾರು ಜಿಬಿ ಮೆಮೊರಿ. ನಾನೇ ಪೆಟ್ಟಿಗೆ ಬಿಚ್ಚಿದೆ. ಆದರೆ ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಮೂವತ್ತೆರಡು ಬಿಟ್‌ನ ಹಳೆಯದನ್ನೇ ಹಾಕಿಬಿಟ್ಟೆ. ಹಾಜರಿಗೆ ಬೆರಳಿಡುವ ಯಂತ್ರದ ಸಾಫ್ಟ್‌ವೇರ್ ಅದರಲ್ಲಿ ತಕರಾರಿಲ್ಲದೆ ನಡೆಯುತ್ತಿತ್ತು, ನನಗೂ ಅದು ಕೈಗೆ ಪಳಗಿತ್ತು — ಅಷ್ಟೇ.

ಅದರಿಂದ ಏನಾಗುತ್ತದೆ ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೆಮೊರಿಯ ಒಂದೊಂದು ಜಾಗಕ್ಕೂ ಒಂದು ನಂಬರಿರುತ್ತದೆ. ಮೂವತ್ತೆರಡು ಬಿಟ್‌ನಲ್ಲಿ ಬರೆಯಬಹುದಾದ ನಂಬರುಗಳು ನಾಲ್ಕು ಜಿಬಿಗೆ ಮುಗಿದುಹೋಗುತ್ತವೆ. ಅದರಾಚೆಗೆ ಎಷ್ಟು ಮೆಮೊರಿ ಹಾಕಿದರೂ ನಾನು ಹಾಕಿದ ಸಿಸ್ಟಮ್ಮಿಗೆ ಅದು ಕಾಣುವುದೇ ಇಲ್ಲ. ಡೇಟಾಬೇಸ್ ಪದೇಪದೇ ಬೇಕಾಗುವುದನ್ನೆಲ್ಲ ಮೆಮೊರಿಯಲ್ಲಿ ಇಟ್ಟುಕೊಂಡರೆ ಕೇಳಿದ ಕೂಡಲೇ ಕೊಡುತ್ತದೆ. ಜಾಗ ಸಾಲದಿದ್ದರೆ ಪ್ರತಿ ಸಲವೂ ಡಿಸ್ಕಿನಿಂದ ಹುಡುಕಿ ತರಬೇಕು. ಅದು ಬಲು ನಿಧಾನ.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಮಾಹಿತಿ ಬೆಳೆದಂತೆ ಸರ್ವರ್ ತಿಣುಕತೊಡಗಿತು. ಬೆಳಗಿನ ಪಾಳಿ ಶುರುವಾಗುವಾಗ ಹೆಂಗಸರು ಗೇಟಿನಲ್ಲಿ ಬೆರಳಿಟ್ಟು ನಿಂತೇ ಇರುತ್ತಿದ್ದರು. ಹಸಿರು ದೀಪ ಹತ್ತುತ್ತಿರಲಿಲ್ಲ. ಸಾಲು ರಸ್ತೆಯವರೆಗೂ ಬರುತ್ತಿತ್ತು. ಒಳಗೆ ಹೋದರೆ ತಡವಾಯಿತೆಂದು ಸೂಪರ್‌ವೈಸರ್ ಬೈಗುಳ. ಆ ಹೆಂಗಸರ ಮುಂದೆ ನಡೆದು ಬರುವಾಗ ಸುಜಾತ ತಲೆಯೆತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆಗೆಯುತ್ತಾ ಕೇಳಿದಳು, "ಶೈಲು, ಮೆಮೊರಿ ಏನಾದ್ರೂ ಕಮ್ಮಿ ಬೀಳ್ತಿದೆಯೇನೇ?"

ನಾನು ಹೇಳಿದೆ, "ಹದಿನಾರು ಜಿಬಿ ಹಾಕಿದೀವಲ್ಲೇ."

ಸುಳ್ಳಲ್ಲ, ನೋಡಿ. ಹಾಕಿದ್ದು ಹದಿನಾರೇ. ಆದರೆ ಅವಳು ಕೇಳಿದ ಆ ಕ್ಷಣದಲ್ಲೇ ನನಗೆ ಹೊಳೆದಿತ್ತು. ಊಟ ಬಿಟ್ಟು ಹೋಗಿ ನೋಡಿದೆ — ಪರದೆಯ ಮೇಲೆ ಮೂರು ಚಿಲ್ಲರೆ ಜಿಬಿ ಮಾತ್ರ ಕಾಣುತ್ತಿತ್ತು. ವಾಪಸ್ ಬಂದು ಅವಳ ಪಕ್ಕದಲ್ಲೇ ಕೂತು ಅವಳು ತೆಗೆದಿಟ್ಟಿದ್ದ ಬಸ್ಸಾರು ಮುದ್ದೆ ಉಂಡೆ.

ಸರಿಪಡಿಸಬೇಕೆಂದರೆ ಸರ್ವರನ್ನು ಒಂದು ದಿನ ಪೂರ್ತಿ ನಿಲ್ಲಿಸಬೇಕಿತ್ತು. ಯಾಕೆ ಎಂದು ಕೇಳುತ್ತಿದ್ದರು. ಮುಂದಿನ ವಾರ ಹೇಳಿದರಾಯಿತು, ಇನ್ನೊಂದು ವಾರ... ಹೀಗೆ. ಅಷ್ಟರಲ್ಲಿ ಮ್ಯಾನೇಜರ್ ಇಬ್ಬರನ್ನೂ ಕರೆದು ಕೇಳಿದರು, ಸರ್ವರಿನದಾ ಪ್ರೋಗ್ರಾಮಿನದಾ, ಯಾವುದರದು ತೊಂದರೆ ಎಂದು. "ಸರ್ವರ್ ಸರಿಯಾಗೇ ಇದೆ ಸರ್," ಎಂದೆ. ಸುಜಾತ ನನ್ನ ಮುಖ ನೋಡಿ, ನಂಬಿ, ತಲೆಯಾಡಿಸಿದಳು. ಆಮೇಲೆ ಅವಳು ತಾನು ಬರೆದಿದ್ದನ್ನೆಲ್ಲ ತಿದ್ದಿದಳು, ಮತ್ತೆ ತಿದ್ದಿದಳು. ಏನು ಮಾಡಿದರೂ ವೇಗ ಬರಲಿಲ್ಲ. ಅಕೌಂಟ್ಸಿನ ಒಬ್ಬರು ಅವಳಿಗೆ ಕೇಳಿಸುವ ಹಾಗೇ ಅಂದರು, "ಕೋಟಾದಲ್ಲಿ ಸೀಟು ಕೊಡ್ತಾರೆ, ತಲೆ ಎಲ್ಲಿಂದ ಕೊಡ್ತಾರೆ?" ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ — ಅದೇ ದೊಡ್ಡದು ಎಂಬಂತೆ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ.

"ನಂಗೆ ಈ ಕೆಲಸ ಬರಲ್ಲ ಕಣೇ," ಎಂದು ಬಸ್ಸಿನಲ್ಲಿ ಮೆಲ್ಲಗೆ ಹೇಳಿದಳು. ಆ ವಾರವೇ ರಾಜೀನಾಮೆ ಕೊಟ್ಟಳು.

ಅವಳು ಹೋದ ಮೇಲೆ ಬಂದ ಮೊದಲ ಭಾನುವಾರ ನಾನೊಬ್ಬಳೇ ಹೋಗಿ ಅರವತ್ತನಾಲ್ಕು ಬಿಟ್‌ನ ಸಿಸ್ಟಮ್ ಹಾಕಿದೆ. ಡೇಟಾಬೇಸಿನ ಸಾಫ್ಟ್‌ವೇರನ್ನೂ ಅದಕ್ಕೆ ತಕ್ಕದ್ದೇ ಹಾಕಿದೆ. ಅವಳ ಪ್ರೋಗ್ರಾಮಿನಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ. ಸೋಮವಾರ ಬೆರಳಿಟ್ಟರೆ ಸಾಕು, ದೀಪ ಹತ್ತುತ್ತಿತ್ತು. ಗೇಟಿನಲ್ಲಿ ಸಾಲೇ ಇಲ್ಲ. ಮ್ಯಾನೇಜರ್ ನನ್ನ ಬೆನ್ನು ತಟ್ಟಿ, "ಆ ಹುಡುಗಿ ಕೆಡಿಸಿದ್ದನ್ನ ಸರಿ ಮಾಡಿದ್ರಿ," ಎಂದರು. ನಾನು — ಥ್ಯಾಂಕ್ಸ್ ಹೇಳಿದೆ.

ಸುಜಾತ ಬಿಎಡ್ ಮಾಡಿಕೊಂಡು ಚಿಂತಾಮಣಿಯಲ್ಲಿ ಟೀಚರಾದಳು. ಮಕ್ಕಳಿಗೆ ಅವಳೆಂದರೆ ಪ್ರಾಣ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದುಕೊಂಡು ನಾನು ಎಷ್ಟೋ ದಿನ ನೆಮ್ಮದಿಯಾಗಿ ನಿದ್ದೆ ಮಾಡಿದ್ದೇನೆ. ಸ್ನೇಹ ಮಾತ್ರ ಉಳಿದೇ ಇತ್ತು. ನನ್ನ ಬಾಣಂತನದಲ್ಲಿ ಬಂದು ಹತ್ತು ದಿನ ಇದ್ದು ಹೋದಳು. ಆಗಲೂ ಹೇಳಲಿಲ್ಲ.

ಈ ಸಲ ಅವರೆಕಾಯಿ ಕಾಲದಲ್ಲಿ ಅವಳ ಮನೆಗೆ ಹೋಗಿದ್ದೆ. ಏಳನೇ ಕ್ಲಾಸಿನ ಮಗಳು ಮೈತ್ರಿ ಶಾಲೆಯ ಕಂಪ್ಯೂಟರ್ ಪುಸ್ತಕ ಹಿಡಿದು ಮುಖ ಸಣ್ಣಗೆ ಮಾಡಿಕೊಂಡು ಕೂತಿತ್ತು. ಹೇಳಿಕೊಡಲೇನಮ್ಮ ಎಂದೆ. "ಬೇಡ ಆಂಟಿ. ನಮ್ಮಮ್ಮಂಗೇ ಬರ್ಲಿಲ್ವಂತೆ, ನಂಗೆಲ್ಲಿ ಬರುತ್ತೆ," ಎಂದು ಪುಸ್ತಕ ಮುಚ್ಚಿ ಹೊರಗೆ ಹೋಯಿತು. ಸುಜಾತ ನಗುತ್ತಾ ಕಾಯಿ ಸುಲಿಯುತ್ತಿದ್ದಳು. ನೋವಿಲ್ಲದ ನಗು ಅದು. ಅಷ್ಟು ಪೂರ್ತಿಯಾಗಿ ನಂಬಿಕೊಂಡಿದ್ದಳು — ತನಗೆ ಬರುವುದಿಲ್ಲ ಎಂದು.

ಅಲ್ಲೇ ಹೇಳಿದೆ. ತಡವರಿಸಿದೆ, ಆದರೆ ಏನನ್ನೂ ಬಿಡದೆ ಹೇಳಿದೆ.

ಅವಳ ಕೈ ನಿಂತಿತು. "ನಿಂಗೆ ಯಾವಾಗ ಗೊತ್ತಾಯ್ತು?"

"ಮೆಮೊರಿ ಕಮ್ಮಿ ಬೀಳ್ತಿದೆಯಾ ಅಂತ ನೀನು ಕೇಳಿದೆಯಲ್ಲ, ಆವತ್ತೇ."

"ಪ್ರೋಗ್ರಾಂ ಬೇರೆಯವರ ಕೈಲಿ ಬರೆಸಿದ್ರಾ ಆಮೇಲೆ?"

"ಇಲ್ಲ ಕಣೇ. ಇವತ್ತಿಗೂ ನಿಂದೇ ನಡೀತಿದೆ."

ಬೈಯಲಿ ಎಂದು ಕಾದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕಡೆ ನೋಡದೆ ಹೇಳಿದಳು, "ಅಪ್ಪ ಇರೋವಾಗ ಹೇಳಬೇಕಿತ್ತು ಶೈಲು. ನಾನೇ ಸರಿಯಾಗಿ ಓದಿಸಲಿಲ್ಲವೇನೋ ಅಂತ ಕೊರಗ್ತಾನೇ ಹೋದ್ರು ಅಪ್ಪ."

 

ಆಮೇಲೆ ಅವಳು ಬಾಗಿಲ ಕಡೆ ತಿರುಗಿ ಕರೆದಳು, "ಮೈತ್ರೀ, ಬಾರಮ್ಮ ಇಲ್ಲಿ. ಆಂಟಿ ಏನೋ ಹೇಳ್ತಾರಂತೆ, ಕೇಳು."

ಮಗು ಬಂದು ಅಮ್ಮನ ಪಕ್ಕ ಕೂತುಕೊಂಡಿತು. ಸುಜಾತ ಅದರ ತಲೆ ಸವರುತ್ತಾ ನನ್ನ ಮಾತಿಗೆ ಕಾದಳು. ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಅವಳು ಕೇಳಿದ್ದು ಇಷ್ಟು, ಇದನ್ನಾದರೂ ನೆಟ್ಟಗೆ ಮಾಡಬೇಕು ಎಂದುಕೊಂಡು ಆ ಮಗುವಿನ ಮುಖ ನೋಡಿದೆ.

"ನಿಮ್ಮಮ್ಮಂಗೆ ತುಂಬಾ ಚೆನ್ನಾಗಿ ಬರ್ತಿತ್ತು ಪುಟ್ಟಿ," ಎಂದೆ. "ತಪ್ಪು ಮಾಡಿದ್ದು ನಾನು."