ರೊವೆನಾ ಕಳಿಸಿದ ಹನ್ನೊಂದು ಶುಭಾಶಯಗಳು

ರೊವೆನಾ ಪಗುಂಟಲಾನ್ ಯಾರ ಮನೆಗೆ ಹೋದರೂ ಬಂದ ಕೆಲಸ ಹೇಳುವುದು ಹೊರಡುತ್ತ ಹೊಸ್ತಿಲು ದಾಟುವಾಗ. ಅದಕ್ಕೆ ಮೊದಲು ಒಂದು ಗಂಟೆ ಆ ಮನೆಯವರ ಮಂಡಿನೋವು, ನಾಯಿಯ ಅಜೀರ್ಣ, ಅತ್ತೆಯ ಸಿಟ್ಟು ಎಲ್ಲವನ್ನೂ ವಿಚಾರಿಸಿರುತ್ತಾಳೆ. ನಮ್ಮ ಇಲೊಯಿಲೊ ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೀಗೆಯೇ. ಆದರೆ ನಾವು ಹೊಸ್ತಿಲಲ್ಲಾದರೂ ಬಾಯಿ ಬಿಡುತ್ತೇವೆ. ಇವಳು ಎಷ್ಟೋ ಸಲ ಅಲ್ಲಿಯೂ ಬಿಡದೆ ಹೋಗಿ ಮರುದಿನ ಮತ್ತೆ ಬರುತ್ತಾಳೆ. ನನ್ನ ಬಳಿ ಒಂದು ದೊಡ್ಡ ಪಾತ್ರೆ ಎರವಲು ಕೇಳಲು ಅವಳಿಗೆ ಮೂರು ದಿನ ಹಿಡಿದಿತ್ತು. ಮೂರನೆಯ ದಿನ ನಾನೇ ರೇಗಿ, "ಏನು ಬೇಕು ಅಂತ ಬೊಗಳೇ ಮಾರಾಯ್ತಿ" ಎಂದಿದ್ದೆ.

ಇಂಥವಳು ಹೊಟ್ಟೆಪಾಡಿಗೆ ಹಿಡಿದದ್ದು ಮುಖ ಕಾಣದವರ ಹತ್ತಿರ ಕೆಲಸ ಕೇಳಿ ಪಡೆಯುವ ದಂಧೆ! ಮಾರ್ಕೆಟ್ಟಿನಲ್ಲಿ ನನ್ನದೊಂದು ಬಾಚೊಯ್ ಅಂಗಡಿ ಇದೆ. ಬಿಸಿ ಸಾರಿಗೆ ಶಾವಿಗೆ, ಮಾಂಸ ಹಾಕಿ ಬಟ್ಟಲಲ್ಲಿ ಕೊಡುತ್ತೇನೆ. ಫ್ಯಾನಿನ ಕೆಳಗಿನ ಮೂಲೆಯ ಮೇಜು ಹತ್ತು ವರ್ಷದಿಂದ ಅವಳದು. ಅಲ್ಲಿ ಲ್ಯಾಪ್‌ಟಾಪ್ ತೆರೆದು ಕೂತು ಹೊರದೇಶದ ಅಂಗಡಿಗಳಿಗೆ ಕ್ಯಾಟಲಾಗಿನ ಪುಟ ಜೋಡಿಸಿಕೊಡುತ್ತಾಳೆ. ಪಕ್ಕದಲ್ಲಿ ಒಂದು ನೋಟ್‌ಬುಕ್ಕು. ಅದರಲ್ಲಿ ಗಿರಾಕಿಗಳ ಹುಟ್ಟುಹಬ್ಬ, ಅವರ ನಾಯಿಬೆಕ್ಕುಗಳ ಹೆಸರು, ಯಾರಿಗೆ ಯಾವ ಆಪರೇಷನ್ ಆಗಿದೆ ಎಂಬ ವಿವರ. ಈ ಕೆಲಸ ಹಿಡಿದದ್ದು ಮಗಳು ಜೆಮಾಳಿಗಾಗಿ. ರೊವೆನಾಳ ತಾಯಿ ಹಾಂಗ್‌ಕಾಂಗಿನಲ್ಲಿ ಪರರ ಮಕ್ಕಳನ್ನು ಬೆಳೆಸಿದಳು, ರೊವೆನಾ ಇಲ್ಲಿ ಫೋಟೋ ನೋಡಿಕೊಂಡು ಬೆಳೆದಳು. ತನ್ನ ಮಗಳಿಗೆ ಹಾಗಾಗಬಾರದು ಎಂಬುದೊಂದೇ ಅವಳ ಹಟ.

ಎರಡು ವರ್ಷ ಒಂದು ದೊಡ್ಡ ಕಂಪನಿಯ ಕೆಲಸವೇ ಕೈತುಂಬ ಇತ್ತು. ಸಣ್ಣ ಗಿರಾಕಿಗಳು ತಾವಾಗಿ ದೂರವಾದರು. ಈ ಜೂನ್‌ನಲ್ಲಿ ಆ ಕಂಪನಿ ಬಾಗಿಲು ಹಾಕಿತು. ದುಬೈಯಲ್ಲಿರುವ ಅಕ್ಕ ಎಡ್ನಾ, ಅಲ್ಲೊಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಗೊತ್ತುಮಾಡಿ, ಸೆಪ್ಟೆಂಬರ್ ಮುಗಿಯುವುದರೊಳಗೆ ಉತ್ತರ ಹೇಳು ಎಂದಳು. ಜೆಮಾ ನನ್ನ ಹತ್ತಿರ ಇರುವುದೆಂದು ಮಾತಾಯಿತು. ನಾನು ಚರ್ಚಿನಲ್ಲಿ ಅವಳ ಜ್ಞಾನಸ್ನಾನಕ್ಕೆ ತಾಯಿಯಾಗಿ ನಿಂತವಳು, ನನಗೇನೂ ಭಾರವಲ್ಲ. ಆದರೆ ದುಬೈ ಎಂಬ ಮಾತು ಬಂದರೆ ಸಾಕು, ಆ ಹತ್ತು ವರ್ಷದ ಹುಡುಗಿ ಎದ್ದು ಹೊರಗೆ ಹೋಗುತ್ತಿದ್ದಳು.

"ಹಳೇ ಗಿರಾಕಿಗಳಿಗೆ ಬರಿಯೇ" ಎಂದೆ.

ಎರಡು ವಾರ ಬರೆದಳು, ಒಂದನ್ನೂ ಕಳಿಸಲಿಲ್ಲ. ತೋರಿಸು ಎಂದರೆ, ಮೂರು ಪುಟ ಕುಶಲೋಪರಿ, ಕೊನೆಗೆ ದೇವರ ಆಶೀರ್ವಾದ.

"ಕೆಲ್ಸ ಕೇಳಿರೋದು ಎಲ್ಲಿ?"

"ಅವ್ರಿಗೇ ಅರ್ಥ ಆಗುತ್ತೆ, ಮನಾಂಗ್." ಅಕ್ಕ ಎಂದು ನನ್ನನ್ನು ಅವಳು ಕರೆಯುವುದು ಹಾಗೆ.

"ಹೇಳದೆ ಅರ್ಥ ಮಾಡ್ಕೊಳ್ಳೋರು ಈ ಬೀದೀಲಿದಾರೆ. ಅಲ್ಲಿಲ್ಲ!"

"ಎರಡು ವರ್ಷ ಮಾತಾಡ್ಸಿಲ್ಲ. ಈಗ ಕಷ್ಟ ಬಂದ ತಕ್ಷಣ ಹೋಗಿ ಕೈಚಾಚ್ಲಾ? ನಾಚಿಕೆ ಆಗಲ್ವಾ?"

ಹೀಗೆ ಸೆಪ್ಟೆಂಬರ್ ಒಂದನೇ ತಾರೀಕು ಬಂತು. ಬೆಳಗಾಗುತ್ತಲೇ, ನಮ್ಮಲ್ಲಿಯ ವಾಡಿಕೆಯಂತೆ, ಬಾಡಿಗೆಗೆ ಓಡುವ ಜೀಪ್ನಿ ಗಾಡಿಗಳಲ್ಲಿ ಕ್ರಿಸ್‌ಮಸ್ ಹಾಡು ಶುರುವಾಯಿತು. ನಾನೂ ಅಟ್ಟದಿಂದ ಕಾಗದದ ನಕ್ಷತ್ರ ಇಳಿಸಿ, ಧೂಳು ಕೊಡವಿ, ಅಂಗಡಿ ಮುಂದೆ ತೂಗುಹಾಕಿದೆ. ಅದನ್ನು ನೋಡುತ್ತಲೇ ನನ್ನ ತಲೆಗೆ ಹೊಳೆಯಿತು.

"ಲೇ, ಹಬ್ಬದ ಶುಭಾಶಯ ಹೇಳೋಕೆ ಯಾರಾದ್ರೂ ಕಾರಣ ಕೇಳ್ತಾರಾ? ಅದನ್ನೇ ಕಳ್ಸು!"

ರೊವೆನಾಳ ಮುಖ ಅರಳಿತು. ಮಧ್ಯಾಹ್ನದೊಳಗೆ ಹನ್ನೊಂದು ಜನಕ್ಕೆ ಕ್ರಿಸ್‌ಮಸ್ ಶುಭಾಶಯ ಹೋಯಿತು, ನಾಯಿಬೆಕ್ಕುಗಳಿಗೂ ಸೇರಿಸಿ. ಅದರಲ್ಲೊಂದು ತಪ್ಪಿದೆ ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಸಂಜೆ ಎರಡು ಉತ್ತರ ಬಂದವು. ಕೆನಡಾದ ಹೆಂಗಸು, ನಿನ್ನ ಇಮೇಲಿಗೆ ಕಳ್ಳರು ನುಗ್ಗಿದ್ದಾರೆ, ಬೇಗ ಪಾಸ್‌ವರ್ಡ್ ಬದಲಿಸು ಎಂದಿದ್ದಳು. ಹಾಲೆಂಡಿನಲ್ಲಿ ಹೂಗೆಡ್ಡೆ ಮಾರುವ ವೌಟರ್ ಎಂಬಾತ ಬರೆದಿದ್ದ: "ಕ್ರಿಸ್‌ಮಸ್‌ಗೆ ಇನ್ನೂ ನೂರ ಹದಿನೈದು ದಿನ ಇದೆ. ನೀವು ಆರೋಗ್ಯವಾಗಿದ್ದೀರಿ ತಾನೆ?"

ರೊವೆನಾ ನನ್ನ ತಟ್ಟೆಯೊಂದನ್ನು ಎತ್ತಿ ಮುಖ ಮುಚ್ಚಿಕೊಂಡಳು. "ಮನಾಂಗ್, ನೀನೇ ಹೇಳಿದ್ದು!"

"ನಾನು ಬಾಚೊಯ್ ಮಾರೋಳು ಕಣೇ. ಹತ್ತು ವರ್ಷ ಅವ್ರ ಜೊತೆ ಏಗಿದ್ದು ನೀನು. ಅವ್ರ ಹಬ್ಬ ಯಾವಾಗ ಶುರು ಅಂತ ನಾನು ಹೇಳ್ಕೊಡ್ಬೇಕಾ?" ಎಂದು ಜೋರು ಮಾಡಿದೆ. ತಪ್ಪು ನನ್ನದೇ ಆಗಿತ್ತಲ್ಲ, ಅದಕ್ಕೇ ದನಿ ಏರಿತ್ತು.

ಕ್ಷಮೆ ಕೇಳದೆ ವಿಧಿಯಿರಲಿಲ್ಲ. ನಾಚಿಕೆಯ ಭರದಲ್ಲಿ ವೌಟರ್‌ಗೆ ನಾಲ್ಕೇ ಸಾಲು ಗೀಚಿದಳು: "ಕ್ಷಮಿಸಿ. ನಮ್ಮಲ್ಲಿ ಸೆಪ್ಟೆಂಬರಿಗೇ ಕ್ರಿಸ್‌ಮಸ್ ಶುರು. ನನಗೆ ಇಲ್ಲಿ ಕೆಲಸವಿಲ್ಲ. ಡಿಸೆಂಬರಿನಲ್ಲಿ ಮಗಳನ್ನು ಬಿಟ್ಟು ದುಬೈಯಲ್ಲಿರುತ್ತೇನೆ, ಆಗ ಬರೆಯಲು ಆಗದಿರಬಹುದು." ನಾನು ಹಿಂದೆ ನಿಂತು ಓದಿದೆ. ಕೊನೆಗೂ ಹೊಸ್ತಿಲ ಮಾತು ಹೊರಬಂದಿತ್ತು. ಎಲ್ಲಿ ಅಳಿಸಿಬಿಡುತ್ತಾಳೋ ಎಂದು, ಏನೂ ಓದದವಳಂತೆ ಒಲೆಯ ಕಡೆ ಸರಿದೆ.

ಮರುದಿನ ಅವನ ಉತ್ತರ. "ಇದನ್ನು ಮೊದಲೇ ಹೇಳಬಾರದಿತ್ತೇ? ನೀವು ದೊಡ್ಡ ಕಂಪನಿಗೆ ಹೋದಿರಿ, ನನ್ನ ಪುಟ್ಟ ಅಂಗಡಿಯ ಕೆಲಸಕ್ಕೆ ನಿಮ್ಮನ್ನು ಕರೆಯಲು ನನಗೇ ಮುಜುಗರವಾಯಿತು. ಹೊಸಬ ಮಾಡಿದ ಕ್ಯಾಟಲಾಗಿನಲ್ಲಿ ಟುಲಿಪ್ ಗೆಡ್ಡೆಯ ಕೆಳಗೆ ಬೆಳ್ಳುಳ್ಳಿ ಎಂದು ಅಚ್ಚಾಗಿದೆ. ದಯವಿಟ್ಟು ಹೋಗಬೇಡಿ. ನನ್ನದೂ ಇದೆ, ನನ್ನ ತಮ್ಮನ ನರ್ಸರಿಯದೂ ಇದೆ, ಇಡೀ ವರ್ಷಕ್ಕೆ ಸಾಕು. ನಮ್ಮ ನಾಯಿ ಚೆನ್ನಾಗಿದೆ. ಎರಡನೇ ಪತ್ರದಲ್ಲಿ ನೀವು ಅದನ್ನು ವಿಚಾರಿಸಲಿಲ್ಲ."

ರೊವೆನಾ ಅದನ್ನು ಮೂರು ಸಲ ಓದಿ, ಬಾಚೊಯ್ ಬಟ್ಟಲಿನೊಳಕ್ಕೇ ಕಣ್ಣೀರು ಸುರಿಸಿದಳು. ನಾನೂ ಅತ್ತೆ. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಸುಳ್ಳು ಹೇಳುವುದಿಲ್ಲ.

ಉಳಿದದ್ದು ಎಡ್ನಾಳಿಗೆ ಉತ್ತರ. ಅಷ್ಟು ಓಡಾಡಿ ಕೆಲಸ ಹುಡುಕಿಕೊಟ್ಟ ಅಕ್ಕನಿಗೆ ಒಲ್ಲೆ ಎನ್ನಬೇಕಲ್ಲ. ಒಂದು ಗಂಟೆ ಟೈಪ್ ಮಾಡಿದಳು. ನಾನು ಇಣುಕಿದೆ. ಎಡ್ನಾಳ ಸೊಂಟ, ಅಲ್ಲಿನ ಸೆಕೆ, ಯಜಮಾನಿಯ ಬೆಕ್ಕು.

"ಬರಲ್ಲ ಅಂತ ಎಲ್ಲಿದೆಯೇ?"

"ಅವ್ಳಿಗೇ ಅರ್ಥ ಆಗುತ್ತೆ, ಮನಾಂಗ್."

ಈ ಸಲ ಜೆಮಾ ಎದ್ದು ಹೊರಗೆ ಹೋಗಲಿಲ್ಲ. ಅಮ್ಮನ ತೋಳಿನ ಕೆಳಗಿನಿಂದ ತೂರಿ, ಬರೆದದ್ದನ್ನೆಲ್ಲ ಅಳಿಸಿ, ಒಂದೇ ಬೆರಳಿನಲ್ಲಿ ಕುಟ್ಟಿ ಕಳಿಸಿಯೇಬಿಟ್ಟಳು: "ದೊಡ್ಡಮ್ಮ, ಅಮ್ಮ ಬರಲ್ಲ. ಹ್ಯಾಪಿ ಕ್ರಿಸ್‌ಮಸ್."